ಓಲೆಯ ಜಾಗಕ್ಕೆ ಬಂದದ್ದು

ಕಾಗದ

ಕಲಾಪ್ರದರ್ಶನಗಳಲ್ಲಿ ಕೃತಿಯ ಪಕ್ಕದ ಚೀಟಿಯಲ್ಲಿ 'ಕಾಗದದ ಮೇಲೆ' ಎಂದು ಬರೆಯುವುದು ರೂಢಿ. ಜರೀನಾ ಹಾಶ್ಮಿಯವರ (1937–2020) ಎಷ್ಟೋ ಕೃತಿಗಳಿಗೆ ಈ ಮಾತು ಹೊಂದುವುದಿಲ್ಲ. ಅಲಿಗಢದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಈ ಕಲಾವಿದೆ ಕಾಗದದ ಹಸಿ ತಿರುಳಿಗೆ ಬಣ್ಣ ಕಲಸಿ, ಅಚ್ಚಿಗೆ ತುಂಬಿ, ಒಣಗಿಸಿ ಶಿಲ್ಪ ತೆಗೆದರು. ಅಲ್ಲಿ ಕಾಗದದ ಮೇಲೆ ಏನೂ ಇಲ್ಲ, ಕಾಗದವೇ ಕೃತಿ.

'ಕಾಗದ' ಎಂಬ ಪದ ನಮಗೆ ಬಂದದ್ದು ಪಾರಸಿಯಿಂದ. ಮಧ್ಯ ಏಷ್ಯಾದ ಹಳೆಯ ಸೋಗ್ಡಿಯನ್ ನುಡಿಯಲ್ಲೂ ಇದರ ರೂಪವುಂಟು. ಜರೀನಾರ ತಾಯಿನುಡಿ ಉರ್ದುವಿನಲ್ಲಿ ಕಾಗಜ್, ಮರಾಠಿಯಲ್ಲಿ ಕಾಗದ್, ತೆಲುಗಿನಲ್ಲಿ ಕಾಗಿತಂ, ತಮಿಳಿನಲ್ಲಿ ಕಾಗಿದಂ. ಮಲಯಾಳದ ಕಡಲಾಸ್ ಮಾತ್ರ ಬೇರೆ ಬಳ್ಳಿಯದು. ರಾಜಸ್ಥಾನದ ಸಾಂಗಾನೇರಿನಲ್ಲಿ ಹತ್ತಿಬಟ್ಟೆಯ ಚಿಂದಿಯನ್ನು ಅರೆದು ಹಾಳೆ ಎತ್ತುವ ಮನೆತನಗಳಿಗೆ 'ಕಾಗಜಿ' ಎಂದೇ ಹೆಸರು.

ಕನ್ನಡದಲ್ಲಿ ಕಾಗದ ಬರಿಯ ವಸ್ತುವಾಗಿ ಉಳಿಯಲಿಲ್ಲ. ತಾಳೆಗರಿಯ ಓಲೆ ಹಿಂದೆ ಸರಿದಾಗ ಅದರ 'ಪತ್ರ' ಎಂಬ ಅರ್ಥವನ್ನೂ ಕಾಗದವೇ ಹೊತ್ತುಕೊಂಡಿತು. 'ಮಗನಿಂದ ಕಾಗದ ಬಂತೇ?' ಎಂದರೆ ಯಾರೂ ಖಾಲಿ ಹಾಳೆಯೆಂದು ತಿಳಿಯರು. ಓಲೆ ಈಗ ಮದುವೆಯ ಕರೆಯೋಲೆಯಲ್ಲಿ ಅಡಗಿ ಕೂತಿದೆ. ಆಸ್ತಿಯ ಮಾತು ಬಂದರೆ ಕಾಗದಪತ್ರ, ಛಾಪಾ ಕಾಗದ. ಆದರೆ ದಿನಪತ್ರಿಕೆಗೆ ಕಾಗದವೆನ್ನುವವರಿಲ್ಲ; ಅದು ಪೇಪರೇ. ಪರೀಕ್ಷೆಯದೂ ಪೇಪರೇ. ಕರಕುಶಲ ಮಳಿಗೆಗಳಲ್ಲಿ 'ಹ್ಯಾಂಡ್‌ಮೇಡ್ ಪೇಪರ್' ಎಂದು ಮಾರುವುದಕ್ಕೆ 'ಕೈಕಾಗದ' ಎಂಬ ಚೊಕ್ಕ ಹೆಸರಿದೆ, ಧಾರಾಳವಾಗಿ ಬಳಸಬಹುದು.