ಕಡಲ ಮೇಲಿನ ಅಪರಿಚಿತ ಹಾರಾಟ: ಕಂಡದ್ದರಿಂದ ಅಳೆದದ್ದರವರೆಗೆ

ನಡುಗಡಲಲ್ಲಿ ಆಕಾಶ ನೋಡುವವರಿಗೆ ಹೋಲಿಸಿ ನೋಡಲು ಮರವಿಲ್ಲ, ಬೆಟ್ಟವಿಲ್ಲ, ಗೋಪುರವಿಲ್ಲ. ಕಂಡ ವಸ್ತು ಎಷ್ಟು ದೂರದಲ್ಲಿದೆ ಎಂಬುದು ತಿಳಿಯದಿದ್ದರೆ ಅದರ ಗಾತ್ರವೂ ವೇಗವೂ ಬರೀ ಊಹೆ. ಸಮುದ್ರದ ಮೇಲೆ ಕಾಣಿಸಿದ ನಿಗೂಢ ಹಾರುವ ವಸ್ತುಗಳ ಅಧ್ಯಯನ ಶುರುವಿನಿಂದಲೂ ಸೆಣಸುತ್ತಿರುವುದು ಈ ಸಮಸ್ಯೆಯ ಜೊತೆಗೇ.

1904ರ ಫೆಬ್ರುವರಿಯಲ್ಲಿ ಉತ್ತರ ಪೆಸಿಫಿಕ್‌ನಲ್ಲಿದ್ದ ಅಮೆರಿಕದ ನೌಕಾಪಡೆಯ ‘ಸಪ್ಲೈ’ ಹಡಗಿನವರು ಮೂರು ಕೆಂಪು ಹೊಳೆವ ವಸ್ತುಗಳನ್ನು ಕಂಡರು. ಮೋಡದ ಕೆಳಗೆ ಬಂದ ಅವು ಮತ್ತೆ ಮೇಲೇರಿದವಂತೆ. ಆ ದೇಶದ ಹವಾಮಾನ ಪತ್ರಿಕೆ ಅವನ್ನು ಉಲ್ಕೆಗಳೆಂದು ದಾಖಲಿಸಿತು. ಆಗ ಕಣ್ಣೊಂದೇ ಸಾಕ್ಷಿ.

ಎರಡನೇ ಮಹಾಯುದ್ಧದ ನಂತರ ಕಣ್ಣಿನ ಜೊತೆಗೆ ಕ್ಯಾಮೆರಾವೂ ಸಾಕ್ಷಿಯಾಗಿ ಬಂತು. 1958ರ ಜನವರಿಯಲ್ಲಿ ಬ್ರೆಜಿಲ್‌ನ ಟ್ರಿಂಡಾಡೆ ದ್ವೀಪದ ಬಳಿ ನೌಕಾಪಡೆಯ ಹಡಗಿನಲ್ಲಿದ್ದ ಅಲ್ಮಿರೊ ಬರೌನಾ ತೆಗೆದ ಚಿತ್ರಗಳ ಸಾಚಾತನದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಒಂದೇ ಕ್ಯಾಮೆರಾದ ಚಿತ್ರ ದಿಕ್ಕನ್ನು ಹೇಳಬಲ್ಲದು, ದೂರವನ್ನಲ್ಲ. 1952ರಿಂದ 1969ರವರೆಗೆ ಅಮೆರಿಕದ ವಾಯುಪಡೆ ನಡೆಸಿದ ‘ಬ್ಲೂ ಬುಕ್’ ಯೋಜನೆ ಅಪರಿಚಿತ ಹಾರುವ ವಸ್ತುಗಳ ಬಗೆಗಿನ 12,618 ವರದಿಗಳನ್ನು ಪರಿಶೀಲಿಸಿತು. 701 ಬಗೆಹರಿಯದೆ ಉಳಿದವು.

ಈ ಕ್ಷೇತ್ರ ಮಗ್ಗುಲು ಬದಲಿಸಿದ್ದು 2004ರ ನವೆಂಬರ್‌ನಲ್ಲಿ. ದಕ್ಷಿಣ ಕ್ಯಾಲಿಫೋರ್ನಿಯಾದಾಚೆಯ ಕಡಲಲ್ಲಿ ‘ನಿಮಿಟ್ಜ್’ ವಿಮಾನವಾಹಕ ನೌಕೆಯ ಪಡೆ ತಾಲೀಮಿನಲ್ಲಿತ್ತು. ಜೊತೆಗಿದ್ದ ‘ಪ್ರಿನ್ಸ್‌ಟನ್’ ನೌಕೆಯ ರಡಾರ್‌ನಲ್ಲಿ ಅಪರಿಚಿತ ಗುರುತುಗಳು ಮೂಡಿದ್ದವು. ನೋಡಿ ಬರಲು ಹೊರಟ ಪೈಲಟ್ ಡೇವಿಡ್ ಫ್ರೇವರ್ ಕಂಡದ್ದು ರೆಕ್ಕೆಯಿಲ್ಲದ, ಸುಮಾರು 40 ಅಡಿ ಉದ್ದದ, ಮಾತ್ರೆಯಾಕಾರದ ಬಿಳಿಯ ವಸ್ತು. ಅದೇ ದಿನ ಇನ್ನೊಂದು ವಿಮಾನದ ಅತಿಗೆಂಪು ಕ್ಯಾಮೆರಾ ಒಂದು ವಸ್ತುವನ್ನು ಚಿತ್ರೀಕರಿಸಿತು. ಕಣ್ಣು, ರಡಾರ್, ಕ್ಯಾಮೆರಾ ಮೂರೂ ಸೇರಿದ್ದರಿಂದಲೇ ಈ ಘಟನೆಗೆ ತೂಕ. ಆದರೆ ರಡಾರ್‌ನ ಮೂಲ ದತ್ತಾಂಶ ಸಾರ್ವಜನಿಕರ ಮುಂದೆ ಬಂದಿಲ್ಲ.

2014–15ರಲ್ಲಿ ಅಮೆರಿಕದ ಪೂರ್ವ ಕರಾವಳಿಯ ಪೈಲಟ್‌ಗಳಿಗೂ ಇಂಥವೇ ಅನುಭವಗಳಾದವು. ನಗೆಪಾಟಲಾಗುವ ಭಯದಿಂದ ಬಾಯಿ ಬಿಡದಿದ್ದವರಿಗೆ ನೌಕಾಪಡೆ 2019ರಲ್ಲಿ ವರದಿ ಮಾಡುವ ಕ್ರಮವನ್ನು ರೂಪಿಸಿತು. 2020ರಲ್ಲಿ ಪೆಂಟಗನ್ ನೌಕಾಪಡೆಯ ಪೈಲಟ್‌ಗಳು ತೆಗೆದ ಇಂಥ ಮೂರು ವಿಡಿಯೊಗಳನ್ನು ಅಧಿಕೃತವಾಗಿ ಬಿಡುಗಡೆ ಮಾಡಿತು. 2021ರ ಸರ್ಕಾರಿ ಅವಲೋಕನದಲ್ಲಿದ್ದ 144 ವರದಿಗಳ ಪೈಕಿ ಖಚಿತ ಉತ್ತರ ಸಿಕ್ಕಿದ್ದು ಒಂದಕ್ಕೆ: ಅದು ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನು.

ಆ ವಿಡಿಯೊಗಳಲ್ಲಿ ಒಂದಾದ ‘ಗೋ ಫಾಸ್ಟ್’ ಅಳತೆಯ ಬೆಲೆಯನ್ನು ತೋರಿಸಿಕೊಟ್ಟಿತು. ನೀರಿಗೆ ತಾಗಿದಂತೆ ಏನೋ ಧಾವಿಸುವ ದೃಶ್ಯ ಅದು. ಪರದೆಯ ಮೇಲೇ ದೂರ, ಕೋನ, ಎತ್ತರದ ಅಂಕಿಗಳಿದ್ದವು. ಅವುಗಳಿಂದ ಲೆಕ್ಕ ಹಾಕಿದ ನಾಸಾದ ತಜ್ಞರ ಸಮಿತಿ 2023ರಲ್ಲಿ ಹೇಳಿದ್ದು: ವಸ್ತು ಇದ್ದದ್ದು ಸುಮಾರು 13,000 ಅಡಿ ಎತ್ತರದಲ್ಲಿ, ವೇಗ ಗಂಟೆಗೆ ಸುಮಾರು 65 ಕಿಲೋಮೀಟರ್. ಆ ಧಾವಂತದ ಬಹುಪಾಲು ಚಿತ್ರ ತೆಗೆದ ವಿಮಾನದ್ದೇ ಚಲನೆ.

ಇದರಿಂದ ನಿಮಿಟ್ಜ್ ಪ್ರಕರಣ ಬಗೆಹರಿಯುವುದಿಲ್ಲ. ವಿವರಣೆ ಸಿಗಲಿಲ್ಲವೆಂದು ಅನ್ಯಗ್ರಹದ ನೌಕೆ ಎನ್ನುವುದೂ ತಪ್ಪು, ಅನುಭವಿ ಪೈಲಟ್‌ನ ಮಾತನ್ನು ಭ್ರಮೆಯೆಂದು ತಳ್ಳಿಹಾಕುವುದೂ ತಪ್ಪು. ಬೇಕಿರುವುದು ಒಂದೇ ವಸ್ತುವನ್ನು ಎರಡು ಜಾಗಗಳಿಂದ ಏಕಕಾಲಕ್ಕೆ ಅಳೆಯುವ ಉಪಕರಣಗಳು, ಮತ್ತು ಆ ದತ್ತಾಂಶ ಸ್ವತಂತ್ರ ವಿಜ್ಞಾನಿಗಳ ಕೈಗೆ ಸಿಗುವ ವ್ಯವಸ್ಥೆ. ಅವೆರಡೂ ಇಲ್ಲದೆ ವರದಿಗಳ ಸಂಖ್ಯೆ ಹೆಚ್ಚೀತೇ ಹೊರತು ತಿಳಿವಳಿಕೆ ಹೆಚ್ಚದು.