ನೂರಡಿಯೊಳಗಿನ ಚರಂಡಿ

ದಿಂಡಿಗಲ್ ಮತ್ತು ಮಂಗಳೂರು ಪುರಸಭೆಗಳೆರಡೂ ಹುಟ್ಟಿದ್ದು 1866ರಲ್ಲಿ, ಮದ್ರಾಸ್ ಸರ್ಕಾರ ಹಿಂದಿನ ವರ್ಷ ತಂದಿದ್ದ ಪಟ್ಟಣ ಸುಧಾರಣಾ ಕಾಯ್ದೆಯಡಿ. ಆಗ ಊರಿನ ಚರಂಡಿಯೆಂದರೆ ಬೀದಿಯ ಅಂಚಿನ ತೆರೆದ ಕಾಲುವೆ. ಮಳೆನೀರು, ಬಚ್ಚಲ ನೀರಿಗಷ್ಟೇ. ಕಕ್ಕಸಿನ ದಾರಿಯೇ ಬೇರೆ. ಹಿತ್ತಿಲ ಗೋಡೆಯ ಬುಡದಲ್ಲೊಂದು ಕಿಂಡಿ, ಅದಕ್ಕೆ ತಗಡಿನ ಮುಚ್ಚಳ. ಜಾತಿಯ ಕಾರಣಕ್ಕೇ ಈ ಕೆಲಸಕ್ಕೆ ದೂಡಲ್ಪಟ್ಟವರು ಹಿಂದಿನ ಓಣಿಯಿಂದ ಬಂದು, ಅದನ್ನೆತ್ತಿ, ಬಕೀಟಿಗೆ ಬಳಿದುಕೊಂಡು ಹೊರುತ್ತಿದ್ದರು.

ಮನೆಯ ಚರಂಡಿಯನ್ನು ಊರಿನ ಚರಂಡಿಗೆ ಕೂಡಿಸುವ ಕ್ರಮವನ್ನು 1920ರ ಮದ್ರಾಸ್ ಜಿಲ್ಲಾ ಪುರಸಭೆಗಳ ಕಾಯ್ದೆ ಬಿಡಿಸಿ ಹೇಳಿತು. ಮಾಲೀಕ ಅರ್ಜಿ ಹಾಕಿದರೆ, ಅವನ ಖರ್ಚಿನಲ್ಲಿ ಪುರಸಭೆ ಜೋಡಣೆ ಮಾಡಿಸಬೇಕು. ನೂರಡಿಯೊಳಗೆ ಸಾರ್ವಜನಿಕ ಚರಂಡಿಯಿದ್ದರೆ, ಅವನು ಕೇಳದಿದ್ದರೂ ನೋಟಿಸು ಕೊಟ್ಟು ಜೋಡಿಸಿಕೊಳ್ಳುವಂತೆ ಮಾಡಬಹುದು. ಅನುಮತಿ ಎಂಬುದು ಹೆಸರಿಗಷ್ಟೇ. ಅರ್ಧ ಹಕ್ಕು, ಅರ್ಧ ಬಲವಂತ. 1964ರ ಪುರಸಭೆಗಳ ಕಾಯ್ದೆ ಬರುವವರೆಗೆ ಮಂಗಳೂರಿಗೂ ಇದೇ ಕಾನೂನು. ಆದರೆ ಚರಂಡಿ ಕಟ್ಟುವ ಹೊಣೆಯನ್ನು ಕಾಯ್ದೆ ಹಣವಿದ್ದಷ್ಟಕ್ಕೆ ಎಂದು ಸಡಿಲಿಸಿತ್ತು. ಹಾಗಾಗಿ ಕಾನೂನು ಮೊದಲು ಬಂತು, ಕೊಳವೆ ಬರಲು ದಶಕಗಳೇ ಹಿಡಿದವು.

ನೀರಿನ ಸಮಸ್ಯೆಯೂ ಇತ್ತು. ಧಾರಾಳವಾಗಿ ನೀರು ಸುರಿಯದಿದ್ದರೆ ಒಳಚರಂಡಿ ಕಟ್ಟಿಕೊಳ್ಳುತ್ತದೆ. ದಿಂಡಿಗಲ್ ಕುಡಿಯುವ ನೀರಿಗೇ ಆತ್ತೂರಿನ ಜಲಾಶಯದತ್ತ ನೋಡುವ ಊರು. ತೇನಿ ಕಡೆಯ ಕಂಬಂ ಕಣಿವೆಗೆ 1895ರಿಂದ ಪೆರಿಯಾರ್ ನೀರು ಹರಿದುಬಂದಿದೆ, ಆದರೆ ಅದು ಗದ್ದೆಯ ಪಾಲಿನ ನೀರು. ಅಷ್ಟರಲ್ಲಿ ಸೆಪ್ಟಿಕ್ ಟ್ಯಾಂಕ್ ಮನೆಮನೆಗೆ ಹೊಕ್ಕಿತು.

ಹಣದ ಗಂಟನ್ನು ಬಿಡಿಸಿದ್ದು ಆಗ ಚೆನ್ನೈ ಪಕ್ಕದ ಊರಾಗಿದ್ದ ಆಲಂದೂರು. 1996ರಲ್ಲಿ ಚುನಾಯಿತವಾದ ಅಲ್ಲಿನ ಪುರಸಭೆ ಕೊಳವೆ ಹೂಳುವ ಮೊದಲೇ ಮನೆಗೆ 5,000 ರೂಪಾಯಿ ಠೇವಣಿ ಕೇಳಿತು, ಜನ ಕೊಟ್ಟರು. ತಮಿಳುನಾಡಿನ ಬೇರೆ ಊರುಗಳೂ ಠೇವಣಿಯ ದಾರಿ ಹಿಡಿದವು, ದಿಂಡಿಗಲ್ ಮತ್ತು ತೇನಿಗೂ ಒಳಚರಂಡಿ ಯೋಜನೆ ಬಂತು. ಅಲ್ಲಿಯವರ ಬಾಯಲ್ಲಿ ಅದು ‘ಪಾದಾಳ ಸಾಕ್ಕಡೈ’, ಪಾತಾಳದ ಚರಂಡಿ. ಕನ್ನಡದ ‘ಒಳಚರಂಡಿ’ಗಿಂತ ಹೆಚ್ಚು ಆಳ ಇರುವ ಮಾತು.

ಈಗ ಅರ್ಜಿಯ ಜೊತೆ ಆಸ್ತಿ ತೆರಿಗೆಯ ರಸೀದಿ ಬೇಕು, ಠೇವಣಿ ಕಟ್ಟಬೇಕು. ಮನೆಯ ಗೇಟಿನ ಹೊರಗೆ ಒಂದು ಚೇಂಬರ್. ಒಳಗಿನ ಪೈಪುಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ಅಲ್ಲಿಂದ ಬೀದಿಯ ಮ್ಯಾನ್‌ಹೋಲಿನವರೆಗೆ ಇಳಿಜಾರು ಸರಿಯಿರಬೇಕು. ಹಳೆಯ ಮನೆಗಳಿಗೆ ತೊಡಕು ಇಲ್ಲೇ: ಮತ್ತೆ ಮತ್ತೆ ಡಾಂಬರು ಹಾಕಿ ರಸ್ತೆ ಮೇಲೆದ್ದಿದ್ದರೆ ಕಕ್ಕಸು ತಗ್ಗಿನಲ್ಲಿ ಉಳಿದಿರುತ್ತದೆ. ಕಾನೂನೂ ಬದಲಾಗಿದೆ: 2023ರಲ್ಲಿ ತಮಿಳುನಾಡು 1920ರ ಕಾಯ್ದೆಯನ್ನು ಬಿಟ್ಟು, ನಗರ ಸ್ಥಳೀಯ ಸಂಸ್ಥೆಗಳ ಕಾಯ್ದೆಯನ್ನು ಜಾರಿಗೆ ತಂದಿತು.

ಜೋಡಣೆ ಮುಗಿದ ಮೇಲೆ ಹಳೆಯ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಿ ಮಣ್ಣು ತುಂಬಬೇಕು. ರಕ್ಷಣಾ ಸಾಧನವಿಲ್ಲದೆ ಅದರೊಳಗೆ ಆಳನ್ನಿಳಿಸುವುದು ಮಲ ಹೊರಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ. ಟ್ಯಾಂಕಿನ ಹೊಲಸನ್ನು ಹೀರಿಕೊಳ್ಳಬೇಕಾದದ್ದು ಲಾರಿ.