ಹೈಸ್ಕೂಲಿನ ಗಣಿತ: ತಿಳವಳ್ಳಿಯಿಂದ ಕವಲೊಡೆಯುವ ದಾರಿಗಳು

ಹಾನಗಲ್ ತಾಲ್ಲೂಕಿನ ತಿಳವಳ್ಳಿಯ ಹುಡುಗಿಯೊಬ್ಬಳು ಎಂಟನೇ ತರಗತಿಗೆ ಸೇರುವಾಗ ಯಾವ ಗಣಿತ ಬೇಕೆಂದು ಅವಳನ್ನು ಯಾರೂ ಕೇಳುವುದಿಲ್ಲ. ರಾಜ್ಯ ಪಠ್ಯಕ್ರಮದಲ್ಲಿ 8, 9, 10 ಮೂರೂ ವರ್ಷ ಎಲ್ಲರಿಗೂ ಒಂದೇ ಗಣಿತ. ಕೇಳುವ ದಿನ ಬರುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮೇಲೆ, ಹಾನಗಲ್ಲಿನಲ್ಲೋ ಆನವಟ್ಟಿಯಲ್ಲೋ ಪಿಯು ಅರ್ಜಿ ತುಂಬುವ ಹೊತ್ತಿಗೆ. ಮೂರು ವರ್ಷ ಕೇಳದೇ ಇದ್ದ ಪ್ರಶ್ನೆಗೆ ಆಗ ಒಂದೆರಡು ವಾರದಲ್ಲಿ ಉತ್ತರ ಕೊಡಬೇಕು.

ಎಲ್ಲರಿಗೂ ಒಂದೇ ಪುಸ್ತಕ

ಕರ್ನಾಟಕದ 10ನೇ ತರಗತಿಗೆ 2018-19ರಿಂದ ಎನ್‌ಸಿಇಆರ್‌ಟಿ ಗಣಿತ ಪುಸ್ತಕದ ಕನ್ನಡ ರೂಪವೇ ಪಠ್ಯ. ಸಮಾಂತರ ಶ್ರೇಢಿ, ತ್ರಿಭುಜ, ವರ್ಗ ಸಮೀಕರಣ, ತ್ರಿಕೋನಮಿತಿ, ನಿರ್ದೇಶಾಂಕ ರೇಖಾಗಣಿತ, ಸಂಖ್ಯಾಶಾಸ್ತ್ರ, ಸಂಭವನೀಯತೆ ಅದರ ಮುಖ್ಯ ಅಧ್ಯಾಯಗಳು. ಲಿಖಿತ ಪರೀಕ್ಷೆಗೆ 80 ಅಂಕ, ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ 20. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿರುವುದರಿಂದ ಒಮ್ಮೆ ಎಡವಿದರೆ ವರ್ಷವೇ ಹೋಯಿತು ಎಂಬ ಭಯ ಕಡಿಮೆಯಾಗಿದೆ.

ಸಿಬಿಎಸ್‌ಇಯಲ್ಲಿ 2020ರ ಪರೀಕ್ಷೆಯಿಂದ 10ನೇ ತರಗತಿಗೆ ಎರಡು ಬಗೆಯ ಪ್ರಶ್ನೆಪತ್ರಿಕೆಗಳಿವೆ. ಮುಂದೆ ಗಣಿತ ಓದುವವರಿಗೆ ‘ಸ್ಟ್ಯಾಂಡರ್ಡ್’, ಓದದವರಿಗೆ ‘ಬೇಸಿಕ್’. ಪುಸ್ತಕ ಒಂದೇ, ಪ್ರಶ್ನೆಯ ಕಾಠಿಣ್ಯ ಬೇರೆ. ನಮ್ಮಲ್ಲಿ ಆ ಒಡಕು ಇಲ್ಲದಿರುವುದೇ ಒಳ್ಳೆಯದೆಂದು ನನಗನಿಸುತ್ತದೆ. ಹದಿನಾಲ್ಕರ ಮಗುವಿಗೆ ‘ನಿನಗೆ ಸುಲಭದ್ದು ಸಾಕು’ ಎಂದು ಹೇಳುವ ಹಕ್ಕು ಯಾರಿಗೂ ಇರಬಾರದು. ಆದರೆ ನಮ್ಮ ಶಾಲೆಗಳೂ ಬೇರೊಂದು ಹೆಸರಿನಲ್ಲಿ ಅದನ್ನೇ ಮಾಡುತ್ತವೆ. ಜನವರಿ ಬಂತೆಂದರೆ ಕೈಗೆ ಬರುವ ‘ಪಾಸಿಂಗ್ ಪ್ಯಾಕೇಜ್’ ನೋಡಿ: ನಕ್ಷೆ ಬಿಡಿಸುವ ಲೆಕ್ಕ, ಥೇಲ್ಸ್ ಪ್ರಮೇಯ, ಸರಾಸರಿ. ಗಣಿತ ಅಷ್ಟೇ ಎಂದು ನಂಬಿ ಶಾಲೆ ಮುಗಿಸುವ ಮಕ್ಕಳಿದ್ದಾರೆ.

ಹೊಲದ ಲೆಕ್ಕ, ಪುಸ್ತಕದ ಲೆಕ್ಕ

ಪಹಣಿಯಲ್ಲಿ ಜಮೀನು ಎಕರೆ, ಗುಂಟೆ, ಆಣೆಯಲ್ಲಿ ಇರುತ್ತದೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ. ಭೂಮಾಪಕರ ಸರಪಳಿಯ ಉದ್ದವೂ 33 ಅಡಿಯೇ.

“ನಮ್ಮದು ಎರಡೆಕರೆ ಹತ್ತು ಗುಂಟೆ ಐತಿ. ಚೌಕ ಇದ್ರ ಒಂದು ಬದು ಎಷ್ಟುದ್ದ ಅಕ್ಕೈತೋ?” ಎಂದು ಅಜ್ಜ ಕೇಳಿದನೆನ್ನಿ. ಎಲ್ಲ ಸೇರಿ 90 ಗುಂಟೆ, 98,010 ಚದರ ಅಡಿ. ಬದುವಿನ ಉದ್ದ 99√10 ಅಡಿ, ಸುಮಾರು 313. ಒಂಬತ್ತನೇ ತರಗತಿಯಲ್ಲಿ ಸಂಖ್ಯಾರೇಖೆಯ ಮೇಲೆ ಗುರುತಿಸಿ ಮರೆತುಬಿಟ್ಟ ಅಭಾಗಲಬ್ಧ ಸಂಖ್ಯೆ ಇಲ್ಲಿ ಮನೆಯ ಬದುವಿನ ಮೇಲೇ ಕೂತಿದೆ. ಈ ಲೆಕ್ಕ ಪಠ್ಯದಲ್ಲಿಲ್ಲ. ಹಾಗೆಂದು ಮೇಷ್ಟ್ರು ಕೊಡಬಾರದೆಂದೇನೂ ಇಲ್ಲ.

ಕನ್ನಡಕ್ಕೆ ಇಂಥ ಲೆಕ್ಕ ಹೊಸದಲ್ಲ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಎಂದು ಕನ್ನಡದಲ್ಲೇ ಗಣಿತ ಗ್ರಂಥಗಳನ್ನು ಬರೆದ. ಕನ್ನಡದಲ್ಲಿ ಗಣಿತ ಬರೆದವರಲ್ಲಿ ಅವನೇ ಮೊದಲಿಗ.

ಸಿಂಘಣನ ಕಾಲದ ಪಾಠಶಾಲೆ

ತಿಳವಳ್ಳಿಯ ಶಾಂತೇಶ್ವರ ಗುಡಿ ಸೇವುಣರ ಕಾಲದ್ದು, 13ನೇ ಶತಮಾನದ್ದು. ಆ ಶತಮಾನದ ಮೊದಲರ್ಧದಲ್ಲಿ ಸೇವುಣ ದೊರೆ ಸಿಂಘಣನ ಆಳ್ವಿಕೆ ಈ ಸೀಮೆಯವರೆಗೂ ಹಬ್ಬಿತ್ತು. ಅವನ ಆಸ್ಥಾನದ ಜ್ಯೋತಿಷಿ ಚಂಗದೇವ, ‘ಲೀಲಾವತಿ’ ಬರೆದ ಭಾಸ್ಕರಾಚಾರ್ಯರ ಮೊಮ್ಮಗ. ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಚಂಗದೇವ ಒಂದು ಮಠ ಕಟ್ಟಿದ್ದನ್ನೂ ಅದಕ್ಕೆ 1207ರಲ್ಲಿ ದತ್ತಿ ಸಿಕ್ಕಿದ್ದನ್ನೂ ಈಗಿನ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟಣೆ ಶಾಸನ ಹೇಳುತ್ತದೆ. ತಿಳವಳ್ಳಿಗೂ ಆ ಮಠಕ್ಕೂ ನೇರ ನಂಟೇನಿಲ್ಲ, ಎರಡರ ಮೇಲಿದ್ದ ದೊರೆ ಒಬ್ಬನೇ ಅಷ್ಟೆ. ಆದರೂ ಗುಡಿಯ ಕಂಬಗಳ ನಡುವೆ ನಿಂತಾಗ, ಇದೇ ರಾಜ್ಯದ ಇನ್ನೊಂದು ತುದಿಯಲ್ಲಿ ಹುಡುಗರು ಭಾಸ್ಕರನ ಲೆಕ್ಕ ಬಿಡಿಸುತ್ತಿದ್ದರೆಂಬುದು ನೆನಪಾಗದೇ ಇರದು.

ತರಗತಿಯಾಚೆ

ಎಂಟನೆಯಲ್ಲೇ ತಪ್ಪಿಸಿಕೊಳ್ಳಬಾರದ ಪರೀಕ್ಷೆ ಎನ್‌ಎಂಎಂಎಸ್. ಸರ್ಕಾರಿ, ಅನುದಾನಿತ ಶಾಲೆಯ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳಿಗೆ ಇದು. ಬೌದ್ಧಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ಗಣಿತವೂ ಸೇರಿದಂತೆ ವಿಷಯಜ್ಞಾನಕ್ಕೆ 90. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ.

ಲೆಕ್ಕದ ಹುಚ್ಚಿರುವವರಿಗೆ ಒಲಿಂಪಿಯಾಡ್ ಇದೆ. ಮೊದಲ ಮೆಟ್ಟಿಲು ಐಒಕ್ಯೂಎಂ: ಮೂರು ಗಂಟೆ, 30 ಪ್ರಶ್ನೆ, ಪ್ರತಿ ಉತ್ತರವೂ 00ರಿಂದ 99ರೊಳಗಿನ ಪೂರ್ಣಸಂಖ್ಯೆ. ಆಮೇಲೆ ಪ್ರಾದೇಶಿಕ, ರಾಷ್ಟ್ರೀಯ ಹಂತಗಳು. ಸೂತ್ರ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಠ್ಯಪುಸ್ತಕದ ಪುಟಗಳಲ್ಲಿರುವ ಕ್ಯೂಆರ್ ಕೋಡ್ ಹಿಡಿದು ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊ ಪಾಠ ನೋಡುವುದು ಎಲ್ಲರಿಗೂ ಪುಕ್ಕಟೆ, ನೆಟ್‌ವರ್ಕ್ ಸಿಕ್ಕರೆ.

ಎಸ್‌ಎಸ್‌ಎಲ್‌ಸಿ ಆದಮೇಲೆ

ಪಿಯು ವಿಜ್ಞಾನದಲ್ಲಿ ಪಿಸಿಎಂಬಿ, ಪಿಸಿಎಂಸಿ ಮುಂತಾದ ಗುಂಪುಗಳ ‘ಎಂ’ ಪೂರ್ಣ ಗಣಿತ: ಗಣಗಳು, ಫಲನಗಳು, ಮಾತೃಕೆ, ಅವಕಲನ, ಅನುಕಲನ. ಎಂಜಿನಿಯರಿಂಗ್‌ಗೆ ಇದು ಬೇಕೇ ಬೇಕು. ಸಿಇಟಿಯ ಗಣಿತ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ವಾಣಿಜ್ಯದವರಿಗೆ ಕೆಲವು ಕಾಲೇಜುಗಳಲ್ಲಿ ‘ಬೇಸಿಕ್ ಮ್ಯಾಥ್ಸ್’ ಸಿಗುತ್ತದೆ. ಷೇರು, ಬಿಲ್ ಡಿಸ್ಕೌಂಟಿಂಗ್ ಜೊತೆ ಒಂದಿಷ್ಟು ಕಲನಶಾಸ್ತ್ರವೂ ಇರುವ ಈ ವಿಷಯವನ್ನು ಜನ ಇರುವುದಕ್ಕಿಂತ ಹಗುರವೆಂದೇ ಎಣಿಸುತ್ತಾರೆ. ಮೂರು ವರ್ಷದ ಡಿಪ್ಲೊಮಾದಲ್ಲಿ ಎಂಜಿನಿಯರಿಂಗ್ ಗಣಿತ, ಐಟಿಐಯಲ್ಲಿ ವರ್ಕ್‌ಶಾಪ್ ಲೆಕ್ಕಾಚಾರ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು.

ಹಳ್ಳಿಯಲ್ಲಿ ಒಂದರಿಂದ ಹತ್ತು ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆ ಬಿಡುವಾಗಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ. ಆಮೇಲೆ ಶಾಲೆಗೂ ಬಿಇಒ ಕಚೇರಿಗೂ ಅಲೆಯುವುದು ತಪ್ಪುತ್ತದೆ.

ಕನ್ನಡ ಮಾಧ್ಯಮದವರಿಗೆ ಪಿಯುನಲ್ಲಿ ಮೊದಲು ತೊಡಕಾಗುವುದು ಲೆಕ್ಕವಲ್ಲ, ಹೆಸರು. ಚೆನ್ನಾಗಿ ಗೊತ್ತಿರುವ ಶ್ರೇಢಿ ರಾತ್ರೋರಾತ್ರಿ ಪ್ರೊಗ್ರೆಷನ್ ಆಗಿರುತ್ತದೆ, ಬಹುಪದೋಕ್ತಿ ಪಾಲಿನಾಮಿಯಲ್, ಸ್ಪರ್ಶಕ ಟ್ಯಾಂಜೆಂಟ್. ತ್ರಿಕೋನಮಿತಿಯಲ್ಲೂ ಒಂದು ಟ್ಯಾಂಜೆಂಟ್ ಇದೆಯಲ್ಲ ಎಂದು ಗಲಿಬಿಲಿ ಬೇರೆ. ಏಪ್ರಿಲ್, ಮೇ ರಜೆಯಲ್ಲಿ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗೆ ನಡುವೆ ಗೆರೆ ಎಳೆದು, ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷಿನದು ಬರೆಯುತ್ತ ಹೋದರೆ ಎರಡು ಹಾಳೆ ತುಂಬುವಷ್ಟರಲ್ಲಿ ಹತ್ತನೇ ತರಗತಿಯ ಪುಸ್ತಕದ ಪದಗಳೆಲ್ಲ ಮುಗಿಯುತ್ತವೆ.